ಮುಕ್ಕಾಲು ಗಂಟೆಯ ದಾರಿ

ಹೇಸರಗತ್ತೆ ಈ ಸಲ ಎರಡು ಬಾರಿ ಜಾರಿತು. ಸಿಡ್ನಿಯಲ್ಲಿ ಕಥೆ ಹೇಳುವಾಗ ಒಂದೇ ಸಲ ಜಾರುತ್ತಿತ್ತು. ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ, ಗುರುದತ್ತನ ಮನೆಯ ಊಟದ ಮೇಜಿನ ಮುಂದೆ ಕೂತು, ಬಿಸಿಬೇಳೆಬಾತಿಗೆ ಎರಡನೆಯ ಚಮಚ ತುಪ್ಪ ಬಿದ್ದ ಮೇಲೆ, ತ್ರಿವಿಕ್ರಮನಿಗೆ ಒಂದು ಸಲ ಸಾಲದು ಅನ್ನಿಸಿರಬೇಕು.

"ಕೆಳಗಡೆ ಏನು? ಪ್ರಪಾತ ಕಣಯ್ಯಾ! ಗೈಡ್ ಹೇಳ್ತಾನೆ, 'ಡಾಕ್ಟರ್, ಕೆಳಗೆ ನೋಡ್ಬೇಡಿ' ಅಂತ. 'ನಾನು ಬಂದಿರೋದೇ ನೋಡೋಕೆ ಕಣಪ್ಪಾ' ಅಂದೆ. ಫೀಲ್ಡ್ ನೋಡ್ದೆ ರಿಪೋರ್ಟ್ ಬರೆಯೋ ಜಾತಿ ನಂದಲ್ಲ."

"ಸಾರ್, ನೀವು ಬಿಡಿ ಸಾರ್," ಅಂದ ಗುರುದತ್ತ. ಮೈಸೂರಿನಲ್ಲಿ ತ್ರಿವಿಕ್ರಮನ ವಿದ್ಯಾರ್ಥಿಯಾಗಿದ್ದವನು ಅವನು. ಈಗ ನಲವತ್ತಾಗುತ್ತ ಬಂದು, ಮೆಲ್ಬರ್ನಿನ ಹೊರವಲಯದ ಒಂದು ಕೌನ್ಸಿಲ್ ಆಫೀಸಿನಲ್ಲಿ ಪ್ಲಾನಿಂಗ್ ನೋಡಿಕೊಳ್ಳುತ್ತಿದ್ದರೂ ಮೇಷ್ಟರ ಮುಂದೆ ಬೆನ್ನು ತಾನಾಗಿ ಬಾಗುತ್ತಿತ್ತು.

ಈ ಕಥೆಯಲ್ಲಿ ತ್ರಿವಿಕ್ರಮನ ಹೆಂಡತಿ ಅನಸೂಯಾಳಿಗೂ ಒಂದು ಮಾತಿತ್ತು. ಕತ್ತೆ ಜಾರಿದ ಕೂಡಲೇ ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು, "ಇಲ್ಲಿ ನನಗಂತೂ ಜೀವಾನೇ ಇರ್ಲಿಲ್ಲ" ಅನ್ನಬೇಕು. ಮೂರು ವರ್ಷದಿಂದ ಅನ್ನುತ್ತಾ ಬಂದಿದ್ದಳು, ಅವತ್ತೂ ಅಂದಳು. ಗುರುದತ್ತನ ಹೆಂಡತಿ ಜಯಲಕ್ಷ್ಮಿ ಮರುಗಿ ಅವಳ ತಟ್ಟೆಗೆ ಇನ್ನೊಂದು ಹಪ್ಪಳ ಹಾಕಿದಳು.

ತ್ರಿವಿಕ್ರಮ ಜೀವಮಾನದಲ್ಲಿ ಹೇಸರಗತ್ತೆಯನ್ನು ಮುಟ್ಟಿದವನಲ್ಲ. ಮೈಸೂರಿನ ಕಾಲೇಜೊಂದರಲ್ಲಿ ಸಾರ್ವಜನಿಕ ಆಡಳಿತ ಪಾಠ ಮಾಡುತ್ತಿದ್ದವನು. ಎಂಬತ್ತರ ದಶಕದಲ್ಲಿ ಕರ್ನಾಟಕದಲ್ಲಿ ಮಂಡಲ ಪಂಚಾಯಿತಿಗಳು ಬಂದಾಗ ಅದ್ಯಾವುದೋ ಉಪಸಮಿತಿಯಲ್ಲಿ ಕೂತಿದ್ದ. ಅಲ್ಲಿ ಅವನ ಕೆಲಸ ಶಿರಾ ತಾಲ್ಲೂಕಿನ ನಕ್ಷೆಯ ಮೇಲೆ ಕೈವಾರ ತಿರುಗಿಸುವುದು. ಹತ್ತು ಸಾವಿರ ಜನ ಸಿಗುವ ಹಾಗೆ ಒಂದು ಸುತ್ತು ಹಾಕು, ಅದರೊಳಗೆ ಬಸ್ಸು ಬರುವ ಊರನ್ನು ಕೇಂದ್ರ ಮಾಡು, ಮುಗಿಯಿತು. ಎಂಬತ್ತೇಳರಲ್ಲಿ ಪಿಎಚ್.ಡಿ.ಗೆಂದು ಸಿಡ್ನಿಗೆ ಬಂದ ಮೇಲೆ ಈ ಕೈವಾರಕ್ಕೆ 'ವಿಕೇಂದ್ರೀಕರಣದ ತ್ರಿವಿಕ್ರಮ ಮಾದರಿ' ಎಂದು ಹೆಸರಾಯಿತು. ಹೆಸರಿಟ್ಟವನೂ ಅವನೇ. ಕರ್ನಾಟಕದಲ್ಲಿ ಅವನನ್ನು ಕೇಳುವವರಿರಲಿಲ್ಲ, ಇಲ್ಲಿ ಕರ್ನಾಟಕವನ್ನು ಕಂಡವರಿರಲಿಲ್ಲ. ಒಬ್ಬ ಪಂಡಿತ ಹುಟ್ಟಲು ಅಷ್ಟು ಸಾಕಾಯಿತು.

ಅವನು ಮಾದರಿ ಕಟ್ಟುತ್ತಿದ್ದ ಐದು ವರ್ಷ ಅನಸೂಯಾ ಫೇರ್‌ಫೀಲ್ಡ್ ಕಡೆಯ ಫ್ಯಾಕ್ಟರಿಯೊಂದರಲ್ಲಿ ಬಿಸ್ಕತ್ತು ಪ್ಯಾಕ್ ಮಾಡಿದಳು. ಮಹಾರಾಣಿ ಕಾಲೇಜಿನ ಬಿ.ಎ. ಅವಳದು. ಪಕ್ಕದಲ್ಲಿ ನಿಲ್ಲುತ್ತಿದ್ದವರೆಲ್ಲ ಚಿಲಿ ದೇಶದ ಹೆಂಗಸರು; ಬೆಲ್ಟಿನ ಮೇಲೆ ಬಿಸ್ಕತ್ತು ಸಾಗುತ್ತಿದ್ದಷ್ಟು ಹೊತ್ತೂ ಅವರ ಬಾಯಿಯೂ ಸಾಗುತ್ತಿತ್ತು. ಗಂಡಂದಿರನ್ನು ಬೈಯುವುದನ್ನು ಮೊದಲು ಕಲಿತಳು, ಆಮೇಲೆ ಉಳಿದ ಸ್ಪ್ಯಾನಿಷ್. ತ್ರಿವಿಕ್ರಮ ಕನ್ನಡದವರ ನಡುವೆ "ಇವಳು ಕಮ್ಯುನಿಟಿ ವರ್ಕ್ ಮಾಡ್ತಾಳೆ" ಅನ್ನುತ್ತಿದ್ದ. ಮನೆಯಲ್ಲಿ ಅವಳು ಫೋನಿನಲ್ಲಿ ಸ್ಪ್ಯಾನಿಷ್ ಮಾತಾಡಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದ.

ತೊಂಬತ್ತೆರಡರಲ್ಲಿ ಒಂದು ಅಭಿವೃದ್ಧಿ ಸಂಸ್ಥೆಗೆ ದಕ್ಷಿಣ ಅಮೆರಿಕದ ಒಂದು ಗುಡ್ಡಗಾಡಿನ ಆಡಳಿತ ಘಟಕವನ್ನು ಎರಡು ಮಾಡಲು ತಜ್ಞನೊಬ್ಬ ಬೇಕಾಯಿತು. ಆ ದೇಶದ ಹೆಸರು ಇಲ್ಲಿ ಬೇಡ. ಆಂಡೀಸ್ ಬೆಟ್ಟಗಳು ಹಾದುಹೋಗುವ ದೇಶಗಳಲ್ಲಿ ಒಂದು ಅಂದುಕೊಂಡರೆ ಸಾಕು. ಹೋಗುವ ಮೊದಲು ತ್ರಿವಿಕ್ರಮನಿಗೂ ಅಷ್ಟೇ ಗೊತ್ತಿದ್ದದ್ದು. ಹೊಸ ಘಟಕದ ಕೇಂದ್ರ ಎಲ್ಲಿರಬೇಕು, ಮೇಲಿನ ಕಾಂಚಪಾಟದಲ್ಲೋ ಎದುರು ಬದಿಯ ಸಾನ್ ಲೂಕಾಸ್‌ನಲ್ಲೋ ಎಂದು ಅವನು ಹೇಳಬೇಕಿತ್ತು. ಕೇಂದ್ರ ಅಂದರೆ ಅಲ್ಲಿ ಸಣ್ಣ ವಿಷಯವಲ್ಲ. ಹುಟ್ಟಿದ ಮಗುವಿನ ಹೆಸರು ಬರೆಸಲು ತಂದೆ ತಾಯಿ ಇಬ್ಬರೂ ಅಲ್ಲಿಗೇ ಹೋಗಬೇಕು. ಹೆಸರು ಬರೆಸಿದ ಮಕ್ಕಳು ಎಷ್ಟಿದ್ದಾರೆ ಎಂದು ನೋಡಿಯೇ ಊರಿಗೆ ಮೇಷ್ಟರನ್ನು ಕಳಿಸುವುದು.

ತ್ರಿವಿಕ್ರಮ ಹೋದದ್ದು ನಿಜ. ವಿಮಾನ ಇಳಿದ ಪಟ್ಟಣವೇ ಎಷ್ಟು ಎತ್ತರದಲ್ಲಿತ್ತೆಂದರೆ ಮೆಟ್ಟಿಲ ಮೇಲೆಯೇ ತಲೆ ಸಿಡಿಯಿತು. ಹೋಟೆಲಿನ ಹಾಸಿಗೆಯಲ್ಲಿ, ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡು, ಬೇಯಿಸಿದ ಆಲೂಗೆಡ್ಡೆ ತಿನ್ನುತ್ತಾ ವಾರ ಕಳೆದ. "ನಾನು ಸತ್ತೇ ಹೋಗ್ತೀನಿ ಕಣೇ ಅನೂ" ಎಂದು ದಿನಾ ಫೋನಿನಲ್ಲಿ ಅತ್ತ. ಕಾಂಚಪಾಟವನ್ನೂ ನೋಡಲಿಲ್ಲ, ಸಾನ್ ಲೂಕಾಸನ್ನೂ ನೋಡಲಿಲ್ಲ. ವಾಪಸು ಬಂದು ಕಾರ್ಲಿಂಗ್‌ಫರ್ಡಿನ ಮನೆಯ ಊಟದ ಮೇಜಿನ ಮೇಲೆ ನಕ್ಷೆ ಹರಡಿ ಕೈವಾರ ಊರಿದ. ಎರಡೂ ಊರುಗಳ ನಡುವೆ ಒಂದು ಬೆರಳಿನಗಲ. ಶಿರಾದಲ್ಲಿ ಒಂದು ಬೆರಳಿನಗಲ ಅಂದರೆ ಬೆಳಗಿನ ತಂಪಿನಲ್ಲಿ ನಡೆದು ಹೋಗುವಷ್ಟು ದೂರ. ಇಲ್ಲಿ ಆ ಬೆರಳಿನಗಲದಲ್ಲಿ ಎತ್ತರ ತೋರಿಸುವ ಗೆರೆಗಳು ಒತ್ತೊತ್ತಾಗಿ ತುಂಬಿದ್ದವು. ಅವು ಏನೆಂದು ಅವನಿಗೆ ತಿಳಿಯದೆ ಇರಲಿಲ್ಲ, ಆದರೆ ಲೆಕ್ಕಕ್ಕೆ ಅಡ್ಡ ಬರುತ್ತಿದ್ದವು. ಸಾನ್ ಲೂಕಾಸ್‌ಗೆ ಬಸ್ಸು ಬರುತ್ತಿತ್ತು. ಮುಗಿಯಿತು.

"ಅನೂ, ಈ ಕಡೆಯಿಂದ ಆ ಕಡೆಗೆ ನಡಕೊಂಡು ಹೋಗೋಕೆ ಎಷ್ಟು ಹೊತ್ತು ಅಂತ ಹಾಕ್ಲಿ?" ಎಂದು ಅಡಿಗೆಮನೆಯ ಕಡೆ ಕೂಗಿದ.

"ಮುಕ್ಕಾಲು ಗಂಟೆ ಅಂತ ಹಾಕಿ. ಏಳಿ, ಸಾರು ಆರತ್ತೆ," ಅಂದಳು ಅನಸೂಯಾ.

ವರದಿಯಲ್ಲಿ ಅದು 'ಲೇಖಕರು ಖುದ್ದು ಕ್ರಮಿಸಿ ಕಂಡುಕೊಂಡಂತೆ ಕಾಲ್ನಡಿಗೆಯ ಅವಧಿ ನಲವತ್ತೈದು ನಿಮಿಷ' ಎಂದು ಬಿತ್ತು. ಅದರ ಮೇಲೆ ಆ ದೇಶದಲ್ಲಿ ಸರ್ಕಾರಿ ಆಜ್ಞೆಯೂ ಬಂತು.

ಮೂರು ವರ್ಷದ ಮೇಲೆ, ತೊಂಬತ್ತೈದರಲ್ಲಿ, ಮೆಲ್ಬರ್ನಿನಲ್ಲಿ ಸ್ಥಳೀಯ ಆಡಳಿತದ ಒಂದು ಅಂತರರಾಷ್ಟ್ರೀಯ ಸಮ್ಮೇಳನ. ಆಗ ವಿಕ್ಟೋರಿಯಾದಲ್ಲಿ ಇನ್ನೂರಕ್ಕೂ ಹೆಚ್ಚಿದ್ದ ಕೌನ್ಸಿಲ್‌ಗಳನ್ನು ಕಲಸಿ ಎಂಬತ್ತರೊಳಗೆ ಇಳಿಸುವ ಕೆಲಸ ನಡೆದಿತ್ತು. ಗುರುದತ್ತನ ಕೌನ್ಸಿಲ್ಲೂ ಅಕ್ಕಪಕ್ಕದ ಎರಡರ ಜೊತೆ ಸೇರಿಹೋಗಿತ್ತು. ಚುನಾಯಿತರನ್ನು ಮನೆಗೆ ಕಳಿಸಿ ಕಮಿಷನರುಗಳನ್ನು ಕೂರಿಸಿದ್ದರು. "ಮೂರು ಕೌನ್ಸಿಲ್, ಮೂರು ಬಣ್ಣದ ಕಸದ ಬಿನ್ ಸಾರ್. ಯಾವ ಬಣ್ಣದ ಮುಚ್ಚಳ ಇಡೋದು ಅಂತ ಆರು ತಿಂಗಳಿಂದ ಮೀಟಿಂಗ್," ಎಂದು ಗುರುದತ್ತ ಊಟದ ನಡುವೆ ಗೋಳಾಡಿದ. ತ್ರಿವಿಕ್ರಮ ಗಂಭೀರವಾಗಿ ತಲೆದೂಗಿ, "ಮಾದರಿ ಇಲ್ಲದೆ ಹೋದ್ರೆ ಹೀಗೇ," ಅಂದ. ಬೇರ್ಪಡಿಸಿ ಹೆಸರು ಮಾಡಿದವನಿಗೆ ಕೂಡಿಸಿದರೂ ಹೆಸರು ಬರುತ್ತದೆಂಬ ಧೈರ್ಯ ಅವನಿಗೆ. ಮುಂದಿನ ತಿಂಗಳು ಸಿಡ್ನಿಯಲ್ಲಿ ಪ್ರೊಫೆಸರ್ ಹುದ್ದೆಯ ಸಂದರ್ಶನ. ಆ ಆಯ್ಕೆ ಸಮಿತಿಯಲ್ಲಿದ್ದ ಒಬ್ಬರೇ ನಾಳೆ ಅವನ ಗೋಷ್ಠಿಯ ಅಧ್ಯಕ್ಷರು. ಆ ಹುದ್ದೆ ಅನಸೂಯಾಳಿಗೂ ಬೇಕಿತ್ತು. ಬಿಸ್ಕತ್ತಿನ ಬೆಲ್ಟಿನ ಮುಂದೆ ನಿಂತ ವರ್ಷಗಳಿಗೆ ಒಂದು ಅರ್ಥ ಸಿಗಬೇಕಲ್ಲ.

ಸಮ್ಮೇಳನದವರು ತ್ರಿವಿಕ್ರಮನ ಯಶಸ್ಸಿಗೆ ಸಾಕ್ಷಿ ಹೇಳಲು ಆ ದೇಶದಿಂದಲೇ ಇಬ್ಬರನ್ನು ಕರೆಸಿದ್ದರು. ಒಬ್ಬ ಬೆರ್ನಾಲ್ ಎಂಬ ಇಲಾಖೆಯ ಅಧಿಕಾರಿ. ಇನ್ನೊಬ್ಬಳು ಊರ ಕಡೆಯ ಹೆಂಗಸೇ ಆಗಬೇಕು, ಸಾಧ್ಯವಾದರೆ ಅಲ್ಲಿಯ ಉಡುಪಿನಲ್ಲಿ, ಎಂದು ಕೇಳಿಕೊಂಡಿದ್ದರು. ಬ್ರೋಷರಿನ ಫೋಟೊಗೆ ಚೆನ್ನಾಗಿರುತ್ತದೆ. ಅದಕ್ಕೆ ಸಿಕ್ಕವಳು ಕಾಂಚಪಾಟದ ಮುಖ್ಯಸ್ಥೆ ಫೆಲಿಸಾ ಕೋಂದೊರಿ. ಅವಳು ಸಾಕ್ಷಿ ಹೇಳಲು ಬರುತ್ತಿದ್ದಾಳೋ ಕೇಳಲು ಬರುತ್ತಿದ್ದಾಳೋ ಎಂದು ಯಾರೂ ವಿಚಾರಿಸಲಿಲ್ಲ. ದುಭಾಷಿಯನ್ನು ಗೊತ್ತುಮಾಡುತ್ತೇವೆ ಅಂದವರಿಗೆ ತ್ರಿವಿಕ್ರಮನೇ, "ಯಾಕೆ? ನನ್ನ ಹೆಂಡತಿ ಇದ್ದಾಳೆ. ಸ್ಪ್ಯಾನಿಷ್ ಅವಳಿಗೆ ನೀರು ಕುಡಿದ ಹಾಗೆ," ಎಂದು ಬರೆದಿದ್ದ. ಮನೆಯಲ್ಲಿ ಬಾಗಿಲು ಹಾಕಿಕೊಳ್ಳುವಂಥ ಸ್ಪ್ಯಾನಿಷ್ ವೇದಿಕೆಯ ಮೇಲೆ ಶೋಭೆ ಕೊಡುತ್ತದೆಂದು ಅವನಿಗೆ ಹೊಳೆದಿತ್ತು.

ಬೆಳಿಗ್ಗೆ ಗುರುದತ್ತ ತನ್ನ ಕಾರಿನಲ್ಲಿ ಸಿಟಿಗೆ ಕರೆದುಕೊಂಡು ಹೋದ. ದೊಡ್ಡ ಹೋಟೆಲೊಂದರ ಸಭಾಂಗಣ, ಕಾಲು ಹೂತುಹೋಗುವ ಕಾರ್ಪೆಟ್ಟು, ಎದೆಗೆ ಹೆಸರಿನ ಬಿಲ್ಲೆ ಸಿಕ್ಕಿಸಿಕೊಂಡ ನೂರಾರು ಜನ. ಊರೂರಿನ ಆಡಳಿತವನ್ನು ಊರಿನವರಿಗೇ ಬಿಡಬೇಕೆಂದು ಮಾತಾಡಲು ಬಂದಿದ್ದ ಅಷ್ಟೂ ಜನರಲ್ಲಿ ಊರಿನವಳು ಅಂತಿದ್ದದ್ದು ಫೆಲಿಸಾ ಒಬ್ಬಳೇ. ಉಣ್ಣೆಯ ಹ್ಯಾಟು ತೊಡೆಯ ಮೇಲಿಟ್ಟುಕೊಂಡು ವೇದಿಕೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಪಕ್ಕದಲ್ಲಿ ಬೆರ್ನಾಲ್ ದೂರದ ಪ್ರಯಾಣದ ನಿದ್ದೆ ತಡೆಯಲಾರದೆ ತೂಗುತ್ತಿದ್ದ.

ತ್ರಿವಿಕ್ರಮ ಅರ್ಧ ಗಂಟೆ ಮಾತಾಡಿದ. ನಕ್ಷೆ ತೋರಿಸಿದ, ವೃತ್ತ ತೋರಿಸಿದ, ಬೆಟ್ಟದ ಒಂದು ಫೋಟೊ ತೋರಿಸಿದ. ಅದು ಹೋಟೆಲಿನಲ್ಲಿ ಕೊಂಡ ಪಿಕ್ಚರ್ ಕಾರ್ಡು. ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು, ಬಿಳಿಗೂದಲಿನ ಒಬ್ಬ ಕಮಿಷನರು, ಈಗ ಕಾಂಚಪಾಟದ ಜನರ ಅನುಭವ ಕೇಳೋಣ ಎಂದರು.

ಫೆಲಿಸಾ ಎದ್ದು ನಿಂತಳು. ಸ್ಪ್ಯಾನಿಷ್ ಅವಳಿಗೂ ಮನೆಮಾತಲ್ಲ. ಒಂದೊಂದೇ ಮಾತು ಎತ್ತಿಡುವಂತೆ ನಿಧಾನವಾಗಿ ಮಾತಾಡಿದಳು. ಫ್ಯಾಕ್ಟರಿಯ ಚಿಲಿಯವರ ವೇಗಕ್ಕೆ ಒಗ್ಗಿದ್ದ ಅನಸೂಯಾಳಿಗೆ ಒಂದಕ್ಷರವೂ ತಪ್ಪಲಿಲ್ಲ.

"ನಮ್ಮೂರಿನಿಂದ ಸಾನ್ ಲೂಕಾಸ್ ಕಣ್ಣಿಗೆ ಕಾಣುತ್ತದೆ. ಅವರು ಒಲೆ ಹಚ್ಚಿದರೆ ಹೊಗೆ ಕಾಣುತ್ತದೆ. ನಡುವೆ ಕಮರಿ ಇದೆ. ಕತ್ತಲಿರುವಾಗ ಹೊರಟರೆ ನದಿಗೆ ಇಳಿಯಲು ಅರ್ಧ ದಿನ, ಹತ್ತಲು ಮತ್ತೆ ಅರ್ಧ ದಿನ. ಬಾಣಂತಿ ಹೇಗೆ ಹೋಗುತ್ತಾಳೆ? ಮೂರು ವರ್ಷದಿಂದ ನಮ್ಮೂರಿನಲ್ಲಿ ಹುಟ್ಟಿದ ಯಾವ ಮಗುವಿನ ಹೆಸರೂ ಬರೆಸಿಲ್ಲ. ಮಕ್ಕಳೇ ಇಲ್ಲವಲ್ಲ ಎಂದು ಇಲಾಖೆಯವರು ಮೇಷ್ಟರನ್ನು ವಾಪಸು ಕರೆಸಿಕೊಂಡರು."

ವೇದಿಕೆಯ ಮೇಲೆ ಗಂಡನ ಪಕ್ಕದಲ್ಲಿ ಕೂತಿದ್ದ ಅನಸೂಯಾ ಅಷ್ಟನ್ನು ಇಂಗ್ಲಿಷಿಗೆ ತಿರುಗಿಸಿದಳು. ಸಭೆ ಸ್ವಲ್ಪ ಮಿಸುಕಾಡಿತು. ತ್ರಿವಿಕ್ರಮನ ಮುಖದ ನಗು ಇದ್ದಲ್ಲೇ ಇತ್ತು. ಅದನ್ನು ತೆಗೆಯಲು ಅವನಿಗೆ ಹೊತ್ತು ಸಾಲಲಿಲ್ಲ.

"ಆಜ್ಞೆ ಬದಲಿಸಿ ಎಂದು ಕೇಳಿದೆವು. ಡಾಕ್ಟರು ಸ್ವತಃ ನಡೆದು ನೋಡಿದ್ದಾರೆ, ಮುಕ್ಕಾಲು ಗಂಟೆಯ ದಾರಿ ಅಂತ ಬರೆದಿದ್ದಾರೆ, ಸ್ಥಳ ತನಿಖೆ ಆಗಿದೆ, ಹತ್ತು ವರ್ಷ ಯಾರೂ ಮುಟ್ಟುವ ಹಾಗಿಲ್ಲ ಎಂದರು. ತನಿಖೆ ನಡೆದೇ ಇಲ್ಲ ಅಂತಾದರೆ ಮಾತ್ರ ಮತ್ತೆ ನೋಡಬಹುದಂತೆ. ನಮ್ಮೂರಿಗೆ ಹೊರಗಿನವರು ಬಂದರೆ ನಾಯಿಗಳಿಗೂ ಗೊತ್ತಾಗುತ್ತದೆ. ನಾವು ಅಡಿಗೆ ಮಾಡಿ ಬಡಿಸುತ್ತೇವೆ. ಆ ವರ್ಷ ನಾವು ಯಾರಿಗೂ ಬಡಿಸಲಿಲ್ಲ. ಬೆರ್ನಾಲ್ ಅವರು ಇಲ್ಲೇ ಇದ್ದಾರೆ, ಅವರ ಎದುರಿಗೇ ಡಾಕ್ಟರನ್ನು ಒಂದು ಮಾತು ಕೇಳಬೇಕೆಂದು ಬಂದೆ. ಮುಕ್ಕಾಲು ಗಂಟೆಯಲ್ಲಿ ನಡೆದವರು ಯಾರು?"

ಮುಕ್ಕಾಲು ಗಂಟೆ. ಈ ಸಲ ಅನಸೂಯಾ ಇಂಗ್ಲಿಷಿಗೆ ತಿರುಗಿಸಲಿಲ್ಲ. ಅಷ್ಟು ವರ್ಷ ಆ ಸುಳ್ಳನ್ನು ಗಂಡನದು ಎಂದು ನೆಮ್ಮದಿಯಾಗಿ ತಿರಸ್ಕರಿಸಿಕೊಂಡು ಬಂದಿದ್ದಳು. ಹೇಸರಗತ್ತೆ ಅವನದು, ಪ್ರಪಾತ ಅವನದು, ಹಿಂದಿನಿಂದ ನಗುವ ಹಕ್ಕು ತನ್ನದು. ಈಗ ಲೋಕದ ಆ ತುದಿಯಿಂದ ಒಬ್ಬಳು ಬಂದು ಕೇಳುತ್ತಿರುವುದು ತಾನು ಸೌಟು ಹಿಡಿದುಕೊಂಡು ಬಾಯಿಗೆ ಬಂದ ಹಾಗೆ ಎಸೆದ ಮಾತನ್ನು. ನಾಚಿಕೆಯಾಯಿತು. ಅದರ ಹಿಂದೆಯೇ ಸಿಟ್ಟು ಬಂತು, ಮೊದಲು ತನ್ನ ಮೇಲೆ.

"ಏನಂತೆ ಅವಳದು?" ಎಂದು ತ್ರಿವಿಕ್ರಮ ಅವಳ ಕಡೆ ಬಾಗಿದ.

"ನೀವು ಬಂದೇ ಇರ್ಲಿಲ್ಲ ಅಂತಿದಾರೆ. ಮುಕ್ಕಾಲು ಗಂಟೇಲಿ ನಡೆದೋರು ಯಾರು ಅಂತ ಕೇಳ್ತಿದಾರೆ. ರೀ, ಅಲ್ಲಿ ಮಕ್ಕಳ ಹೆಸರೇ..."

"ಅದೆಲ್ಲ ಬಿಡೇ ಈಗ. ಬಂದಿದ್ರು ಅಂತ್ಹೇಳು. ಹೇಸರಗತ್ತೆ ಮೇಲೆ ಬಂದೆ, ಹಿಮ ಬೀಳ್ತಿತ್ತು, ಅದಕ್ಕೇ ಯಾರೂ ಹೊರಗಡೆ ಇರ್ಲಿಲ್ಲ ಅನ್ನು. ಸ್ವಲ್ಪ ನಗಿಸೋ ಹಾಗೆ ಹೇಳು. ಈ ಹಳ್ಳಿಮುಕ್ಕಗಳಿಗೆ ಏನ್ ನೆನಪಿರತ್ತೆ?"

ಮೇಜಿನ ಮೇಲಿನ ಮೈಕು ಚಾಲೂ ಇತ್ತು. ಸಭಾಂಗಣದ ನಾಲ್ಕು ಮೂಲೆಗೂ ಕನ್ನಡ ಹರಡಿತು. ತಿಳಿದದ್ದು ಮುಂದಿನ ಸಾಲಿನ ಗುರುದತ್ತನೊಬ್ಬನಿಗೆ. ಅವನು ತನ್ನ ಬೂಟುಗಳನ್ನು ನೋಡತೊಡಗಿದ.

ಅನಸೂಯಾ ಫೆಲಿಸಾಳ ಕಡೆ ತಿರುಗಿದಳು. ಮುಂದಿನ ತಿಂಗಳ ಸಂದರ್ಶನ ನೆನಪಿಗೆ ಬರಲಿಲ್ಲವೆಂದಲ್ಲ. ಬಂತು, ಚೆನ್ನಾಗಿಯೇ ಬಂತು. ಆದರೂ ಬಾಯಿ ತೆರೆದಾಗ ಬಂದದ್ದು ಬೆಲ್ಟಿನ ಪಕ್ಕ ನಿಂತು ಕಲಿತ, ಸುತ್ತುಬಳಸಿಲ್ಲದ ಸ್ಪ್ಯಾನಿಷ್.

"ಇವರು ನಿಮ್ಮೂರಿಗೆ ಬರಲಿಲ್ಲ ಸೆನ್ಯೋರಾ. ಪಟ್ಟಣದಲ್ಲಿ ತಲೆನೋವೆಂದು ಮಲಗಿದ್ದರು. ಹೇಸರಗತ್ತೆಯೂ ಇರಲಿಲ್ಲ. ಮುಕ್ಕಾಲು ಗಂಟೆ ಅಂದವಳು ನಾನು. ಸಿಡ್ನಿಯ ನನ್ನ ಅಡಿಗೆಮನೆಯಿಂದ ಹೇಳಿದೆ."

ಹಿಂದಿನ ಸಾಲಿನಲ್ಲಿ ಸ್ಪ್ಯಾನಿಷ್ ಬಲ್ಲ ನಾಲ್ಕಾರು ಪ್ರತಿನಿಧಿಗಳಿದ್ದರು. ಅವರು ಜೋರಾಗಿ ನಕ್ಕುಬಿಟ್ಟರು. ಹೇಸರಗತ್ತೆಗೆ ಸ್ಪ್ಯಾನಿಷಿನಲ್ಲಿ 'ಮೂಲಾ' ಅನ್ನುತ್ತಾರೆ. ತ್ರಿವಿಕ್ರಮನಿಗೆ ಆ ಭಾಷೆಯಲ್ಲಿ ಗೊತ್ತಿದ್ದ ಒಂದೇ ಮಾತು ಅದು. ಮೂಲಾ ಬಂತು, ನಗುವೂ ಬಂತು. ಅವನ ಮುಖ ಅರಳಿತು. ಹಿಂದಿನ ಸಾಲಿನ ಕಡೆ ಕೈಯೆತ್ತಿ, ಸಂಗೀತ ಕಚೇರಿಯಲ್ಲಿ ವಿದ್ವಾಂಸರು ಮಾಡುವ ಹಾಗೆ, ಮೆಲ್ಲಗೆ ತಲೆ ಬಾಗಿಸಿದ.

ಫೆಲಿಸಾ ನಗಲಿಲ್ಲ. ಅನಸೂಯಾಳನ್ನು ನೆಟ್ಟನೋಟದಲ್ಲಿ ನೋಡಿ ಕೇಳಿದಳು: "ಏನು ಅಡಿಗೆ ಮಾಡುತ್ತಿದ್ದಿರಿ?"

"ಸಾರು," ಅಂದಳು ಅನಸೂಯಾ. ಆ ಮಾತಿಗೆ ಅವಳ ಸ್ಪ್ಯಾನಿಷಿನಲ್ಲಿ ಪದವಿರಲಿಲ್ಲ. "ಬೇಳೆ ಹಾಕಿ ಕುದಿಸುವುದು. ಆರಿಹೋಗುತ್ತದೆಂದು ಅವಸರದಲ್ಲಿದ್ದೆ."

ಫೆಲಿಸಾ ತಲೆಯಾಡಿಸಿ ಕೂತಳು. ಕ್ಷಮಿಸಿದ ಹಾಗೂ ಇರಲಿಲ್ಲ, ಬೈದ ಹಾಗೂ ಇರಲಿಲ್ಲ. ಬೆರ್ನಾಲ್‌ನ ನಿದ್ದೆ ಮಾತ್ರ ಪೂರಾ ಹಾರಿಹೋಗಿತ್ತು. ಇಷ್ಟು ಜನರೆದುರು ಆಡಿದ ಮಾತನ್ನು ಕೇಳಿಸಲಿಲ್ಲ ಅನ್ನುವ ಹಾಗಿಲ್ಲ ಎಂಬ ಸಂಕಟ ಅವನ ಮುಖದಲ್ಲಿ ಕಾಣುತ್ತಿತ್ತು. ಪೆನ್ನು ತೆಗೆದು, ಅನಸೂಯಾಳ ಕಡೆ ಬಾಗಿ, ಇನ್ನೊಮ್ಮೆ ಹೇಳಿ ಎಂದು ಕೇಳಿದ. ಅವಳು ಇನ್ನೊಮ್ಮೆ ಹೇಳಿದಳು.

"ಏನಂತೆ?" ಎಂದ ತ್ರಿವಿಕ್ರಮ.

"ಬರ್ಕೋತಾರಂತೆ."

"ಬರ್ಕೊಳ್ಳಲಿ, ಬರ್ಕೊಳ್ಳಲಿ. ಹೆಸರಿನ ಹಿಂದೆ ಡಾಕ್ಟರ್ ಅಂತ ಸೇರಿಸೋಕೆ ಹೇಳು, ಮರೀತಾರೆ."

ಅನಸೂಯಾ ಅದನ್ನೂ ಹೇಳಿದಳು. ಬೆರ್ನಾಲ್ ಸೇರಿಸಿಕೊಂಡ.

ಅಷ್ಟು ಹೊತ್ತೂ ಮುಗುಳ್ನಗುತ್ತಾ ಕಾಯುತ್ತಿದ್ದ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಹಿಂದಿನ ಸಾಲಿನ ಗೆಳೆಯರಿಗೆ ಒಳ್ಳೆಯ ತಮಾಷೆ ಸಿಕ್ಕಂತಿದೆ, ಆದರೆ ನಮ್ಮಲ್ಲಿ ಬಹಳ ಜನ ಅದನ್ನು ಕಳೆದುಕೊಂಡೆವು. ಶ್ರೀಮತಿ ತ್ರಿವಿಕ್ರಮ ದಯವಿಟ್ಟು ಇಂಗ್ಲಿಷಿನಲ್ಲೂ ಹೇಳಬಹುದೇ, ಎಂದರು. ಕೂತಲ್ಲಿಂದ ಬೇಡ, ಮುಂದೆ ಬಂದರೆ ಎಲ್ಲರಿಗೂ ಕೇಳಿಸುತ್ತದೆ ಎಂದೂ ಸೇರಿಸಿದರು.

ಅನಸೂಯಾ ಗಂಡನನ್ನು ನೋಡಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅಷ್ಟು ಹೊತ್ತು ಅವನ ಮುಖವನ್ನು ನೋಡಿದ್ದಿಲ್ಲ. ಅಂಥ ಕೆಟ್ಟ ಮುಖವೇನಲ್ಲ. ಹೊಗಳಿಕೆಗೆ ಕಾದು ಕೂತು ಬೆವರಿದ, ಸ್ವಲ್ಪ ಊದಿಕೊಂಡ ಮುಖ.

"ರೀ," ಅಂದಳು, "ಹೇಳ್ಲಾ?"

"ಹೇಳೇ! ಅದೇನು ನಾಚಿಕೆ? ಹೇಳಿದ್ದನ್ನೇ ಹೇಳು, ಎಲ್ಲಾರಿಗೂ ಕೇಳಲಿ."

ಮುಂದಿನ ಸಾಲಿನಲ್ಲಿ ಗುರುದತ್ತ ತಲೆಯೆತ್ತಲಿಲ್ಲ. ಅನಸೂಯಾ ಸೆರಗು ಸರಿಮಾಡಿಕೊಂಡು ಉಪನ್ಯಾಸದ ಮೈಕಿನ ಬಳಿ ಹೋಗಿ ನಿಂತಳು. ಅದು ತ್ರಿವಿಕ್ರಮನ ಎತ್ತರಕ್ಕೆ ನಿಂತಿತ್ತು. ಅವಳ ಹಣೆಗೆ ಬರುತ್ತಿತ್ತು. ತ್ರಿವಿಕ್ರಮ ನಗುತ್ತಲೇ ಎದ್ದು ಬಂದು, ಕಂಬದ ತಿರುಪು ಸಡಿಲಿಸಿ, ಮೈಕನ್ನು ಅವಳ ಬಾಯಿಯ ಮಟ್ಟಕ್ಕೆ ಇಳಿಸಿ, ಬೆರಳಿನಿಂದ ಎರಡು ಸಲ ತಟ್ಟಿ ನೋಡಿದ.